ಗಿರವಿ ಅಂಗಡಿಯ ಹೇಗರ್ ಶಿರಸಿಗೆ ಬರಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಶಿರಸಿಯವನು, ಅಕ್ಕಸಾಲಿಗರ ಮನೆತನ. ಅಪ್ಪನ ಕಾಲಕ್ಕೆ ಮನೆಯಲ್ಲೇ ಕುಲುಮೆ ಇತ್ತು. ಈಗ ನಾನು ಬ್ಯಾಂಕೊಂದರಲ್ಲಿ ಚಿನ್ನದ ಸಾಲಕ್ಕೆ ಬರುವ ಒಡವೆಗಳನ್ನು ಪರೀಕ್ಷಿಸುವ ಅಪ್ರೈಸರ್. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಹಳೆಯ ಇಂಗ್ಲಿಷ್ ಪತ್ತೇದಾರಿ ಕತೆ ಓದುವ ಚಟ. ಹಾಗೆ ಸಿಕ್ಕಿದ್ದು ಫರ್ಗಸ್ ಹ್ಯೂಮ್ ಬರೆದ ‘ಹೇಗರ್ ಆಫ್ ದ ಪಾನ್-ಶಾಪ್’. ಗಿರವಿ ಅಂಗಡಿ ನಡೆಸುವ ಹುಡುಗಿಯೇ ಅದರಲ್ಲಿ ಪತ್ತೇದಾರಿಣಿ. ಓದಿ ತಡೆಯಲಾಗದೆ ಮೂರು ಕತೆಗಳನ್ನು ಕನ್ನಡಕ್ಕೆ ತಂದಿದ್ದೇನೆ, ಆದರೆ ಎಲ್ಲ ಶಿರಸಿ ಪೇಟೆಯಲ್ಲೇ ನಡೆದಂತೆ ಬದಲಿಸಿ. ಒಬ್ಬ ಸ್ನೇಹಿತರು ‘ನೂರು ವರ್ಷದ ಹಿಂದಿನ ಪುಸ್ತಕ, ಯಾರ ಅಪ್ಪಣೆಯೂ ಬೇಡ’ ಅಂದರು. ಇನ್ನೊಬ್ಬರು ‘ಲಂಡನ್ನಿನಿಂದ ನೋಟಿಸ್ ಬರುತ್ತದೆ ನೋಡು’ ಎಂದು ಹೆದರಿಸಿದರು. ಊರು, ಹೆಸರು ಬದಲಿಸಿದ ಮೇಲೆ ಅದು ನಿನ್ನದೇ ಕೃತಿ ಎನ್ನುವವರೂ ಇದ್ದಾರೆ. ಜೊತೆಗೆ ಅಜ್ಜನ ಪೆಟ್ಟಿಗೆಯಲ್ಲಿ 1968ರ ಒಂದು ಕನ್ನಡ ಪತ್ತೇದಾರಿ ಕಾದಂಬರಿ ಸಿಕ್ಕಿದೆ. ಅದರಲ್ಲಿ ಪತ್ತೇದಾರ ಒಬ್ಬ ದರ್ಜಿ, ಲೇಖಕರದು ಗುಪ್ತನಾಮ. ಅದನ್ನೂ ಮರುಮುದ್ರಿಸಬಹುದೇ? ಪೊಲೀಸನೂ ಅಲ್ಲದ, ಕಸುಬಿನ ಪತ್ತೇದಾರನೂ ಅಲ್ಲದ ಇಂಥ ಪಾತ್ರವನ್ನು ನಮ್ಮ ಓದುಗರು ಒಪ್ಪುತ್ತಾರಾ?

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಪಾಲು ನೋಟಿಸಿನ ಹೆದರಿಕೆಯದು. ನನಗೆ ಚಿಂತೆಯಾದದ್ದು ನೀವು ಸಲೀಸಾಗಿ ದಾಟಿಸಿಬಿಟ್ಟ ಒಂದು ಮಾತಿನ ಬಗ್ಗೆ: ‘ಎಲ್ಲ ಶಿರಸಿ ಪೇಟೆಯಲ್ಲೇ ನಡೆದಂತೆ ಬದಲಿಸಿ’. ಅಲ್ಲಿಗೆ ಆಮೇಲೆ ಬರುತ್ತೇನೆ. ಕಾನೂನಿನದು ಸುಲಭ, ಮೊದಲು ಅದನ್ನು ಮುಗಿಸೋಣ.

ಇಬ್ಬರು ಸ್ನೇಹಿತರೂ ಪೂರ್ತಿ ಸರಿಯಲ್ಲ. ಪುಸ್ತಕಕ್ಕೆ ಎಷ್ಟು ವಯಸ್ಸಾಯಿತು ಎಂದು ಕಾನೂನು ಕೇಳುವುದಿಲ್ಲ, ಲೇಖಕರು ತೀರಿಕೊಂಡು ಎಷ್ಟು ವರ್ಷವಾಯಿತು ಎಂದು ಕೇಳುತ್ತದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೊದಲು ಈ ಅವಧಿ ಲೇಖಕರ ನಿಧನದ ನಂತರ 50 ವರ್ಷ ಇತ್ತು, 1992ರ ತಿದ್ದುಪಡಿಯಲ್ಲಿ 60 ಆಯಿತು. ತೀರಿಕೊಂಡ ವರ್ಷದ ಮರುವರ್ಷದ ಜನವರಿ 1ರಿಂದ ಲೆಕ್ಕ. ಫರ್ಗಸ್ ಹ್ಯೂಮ್ ತೀರಿಕೊಂಡದ್ದು 1932ರಲ್ಲಿ. ಹಳೆಯ ಲೆಕ್ಕದಲ್ಲೇ ಇಲ್ಲಿ 1982ಕ್ಕೆ ಮುಗಿದುಹೋಗಿತ್ತು. ಬ್ರಿಟನ್ನಿನಲ್ಲಿ ಅವಧಿಯನ್ನು 70 ವರ್ಷಕ್ಕೆ ಏರಿಸಿದ್ದಾರೆ, ಆ ಲೆಕ್ಕದಲ್ಲೂ 2002ಕ್ಕೆ ಮುಗಿಯಿತು. ಲಂಡನ್ನಿನಿಂದ ಯಾವ ನೋಟಿಸೂ ಬರುವುದಿಲ್ಲ, ನೆಮ್ಮದಿಯಿಂದಿರಿ.

ಆದರೆ ಮೊಬೈಲಿನಲ್ಲಿ ನೀವು ಓದಿದ್ದು ಯಾವ ಪ್ರತಿ ಎಂದು ಒಮ್ಮೆ ನೋಡಿಕೊಳ್ಳಿ. ಈಚೆಗೆ ಯಾರೋ ಸಂಪಾದಿಸಿ, ಮುನ್ನುಡಿ ಬರೆದು, ಅಡಿಟಿಪ್ಪಣಿ ಹಾಕಿದ ಆವೃತ್ತಿಯಾದರೆ ಆ ಮುನ್ನುಡಿ, ಟಿಪ್ಪಣಿ, ಮುಖಪುಟದ ಚಿತ್ರ ಇವೆಲ್ಲ ಅವರವರ ಸ್ವತ್ತು. ಕತೆ ಮಾತ್ರ ಎಲ್ಲರದು. ಟಿಪ್ಪಣಿಯಲ್ಲಿದ್ದ ವಿವರಣೆಯನ್ನು ಕತೆಯೊಳಗೆ ಸೇರಿಸಿಕೊಂಡಿದ್ದರೆ ತೆಗೆಯಿರಿ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವುದಕ್ಕೂ ಹಕ್ಕು ಮುಗಿದಿರುವುದಕ್ಕೂ ಸಂಬಂಧವಿಲ್ಲ. ಹಕ್ಕಿರುವ ಎಷ್ಟೋ ಪುಸ್ತಕಗಳು ಅಲ್ಲಿ ಕಳ್ಳತನದಲ್ಲಿ ಕೂತಿವೆ.

ಹೆಸರು ಬದಲಿಸಿದರೆ ನನ್ನದಾಗುತ್ತದೆ ಎನ್ನುವ ಮಾತು ನಮ್ಮಲ್ಲಿ ಹಳೆಯದು, ಶುದ್ಧ ಸುಳ್ಳು. ಹೇಗರ್ ಹೋಗಿ ಗೌರಿಯಾದರೂ ಕತೆ ಹ್ಯೂಮ್‌ದೇ. ನಿಮ್ಮ ಕನ್ನಡದ ಮಾತುಗಳ ಮೇಲೆ ನಿಮಗೆ ಹಕ್ಕು ಹುಟ್ಟುತ್ತದೆ, ನೋಂದಣಿ ಮಾಡಿಸದಿದ್ದರೂ ಹುಟ್ಟುತ್ತದೆ. ಕತೆಯ ಮೇಲೆ ಹುಟ್ಟುವುದಿಲ್ಲ. ನಾಳೆ ಯಲ್ಲಾಪುರದವರೊಬ್ಬರು ಅದೇ ಪುಸ್ತಕವನ್ನು ತಮ್ಮದೇ ಕನ್ನಡದಲ್ಲಿ ತಂದರೆ ನೀವು ತಡೆಯಲಾರಿರಿ. ಹಕ್ಕು ಮುಗಿದ ಕೃತಿಯಾದರೂ ಮೂಲ ಲೇಖಕರ ಹೆಸರನ್ನು ಮುಖಪುಟದಲ್ಲೇ ಹಾಕಿ. ಮುಚ್ಚಿಟ್ಟು ಸಿಕ್ಕಿಬಿದ್ದವರ ಅವಸ್ಥೆ ಕಂಡಿದ್ದೇನೆ. ಕೋರ್ಟಿನವರೆಗೆ ಹೋಗಬೇಕೆಂದೇ ಇಲ್ಲ, ಊರಿನ ಸಾಹಿತ್ಯ ವಲಯವೇ ಸಾಕು.

ಅಜ್ಜನ ಪೆಟ್ಟಿಗೆಯ ಕಾದಂಬರಿಯ ವಿಷಯ ಬೇರೆ. ಗುಪ್ತನಾಮದಲ್ಲಿ ಬಂದ ಕೃತಿಗೆ ಪ್ರಕಟವಾದ ವರ್ಷದಿಂದ 60 ವರ್ಷ. 1968ರದಾದರೆ 2028ರ ಡಿಸೆಂಬರ್ ಕೊನೆಯವರೆಗೆ ಹಕ್ಕು ಜೀವಂತ. ಅಷ್ಟರೊಳಗೆ ಲೇಖಕರು ಯಾರೆಂದು ಬಹಿರಂಗವಾದರೆ ಮತ್ತೆ ಅವರ ನಿಧನದಿಂದ 60 ವರ್ಷದ ಲೆಕ್ಕಕ್ಕೆ ಬೀಳುತ್ತದೆ, ಆಗ ಅವಧಿ ಇನ್ನೂ ಮುಂದಕ್ಕೆ ಹೋಗಬಹುದು. ಪ್ರಕಾಶನ ಮುಚ್ಚಿಹೋಗಿದೆ, ಪುಸ್ತಕ ಎಲ್ಲೂ ಸಿಗುವುದಿಲ್ಲ ಎಂಬುದೆಲ್ಲ ಹಕ್ಕು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಲೇಖಕರು ಯಾರೆಂದೇ ಗೊತ್ತಾಗದಿದ್ದಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅರ್ಜಿ ಹಾಕಿ ಪರವಾನಗಿ ಪಡೆಯಲು ಕಾಯ್ದೆಯ 31-ಎ ಕಲಮಿನಲ್ಲಿ ದಾರಿ ಇದೆ. ಆದರೆ ಮುನ್ನೂರು ಪ್ರತಿಯ ಪುಸ್ತಕಕ್ಕೆ ವಕೀಲರ ಖರ್ಚೇ ಹೆಚ್ಚಾದೀತು. ನಿಮ್ಮ ಜಾಗದಲ್ಲಿ ನಾನಿದ್ದರೆ ಒಳಪುಟದಲ್ಲಿರುವ ಮುದ್ರಣಾಲಯದ ವಿಳಾಸ ಹಿಡಿದು ವಿಚಾರಿಸುತ್ತಿದ್ದೆ. ಗುಪ್ತನಾಮದವರ ಮನೆಯವರು ಎಷ್ಟೋ ಸಲ ಅದೇ ಊರಿನಲ್ಲಿ ಇರುತ್ತಾರೆ, ಕೇಳಿದರೆ ಸಂತೋಷದಿಂದಲೇ ಒಪ್ಪುತ್ತಾರೆ. ಅಲ್ಲಿಯವರೆಗೆ ಆ ಪ್ರತಿಯನ್ನು ಮಳೆಗಾಲದ ಥಂಡಿಯಿಂದ, ಗೆದ್ದಲಿನಿಂದ ಕಾಪಾಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಡಬೇಡಿ, ಒಳಗೇ ಬೂಸ್ಟು ಹಿಡಿಯುತ್ತದೆ.

ಈಗ ಹೇಗರ್.

ಹ್ಯೂಮ್ ಇಂದು ಮರೆತುಹೋದ ಹೆಸರು, ಒಂದು ಕಾಲಕ್ಕೆ ಹಾಗಿರಲಿಲ್ಲ. ಆತನ ಮೊದಲ ಪತ್ತೇದಾರಿ ಕಾದಂಬರಿ ‘ದ ಮಿಸ್ಟರಿ ಆಫ್ ಎ ಹ್ಯಾನ್ಸಮ್ ಕ್ಯಾಬ್’ 1886ರಲ್ಲಿ ಮೆಲ್ಬರ್ನ್‌ನಲ್ಲಿ ಬಂತು, ಷರ್ಲಾಕ್ ಹೋಮ್ಸ್ ಹುಟ್ಟುವುದಕ್ಕಿಂತ ಒಂದು ವರ್ಷ ಮೊದಲು. ಲಕ್ಷಗಟ್ಟಲೆ ಮಾರಾಟವಾಯಿತು. ಆಮೇಲೆ ಆತ ನೂರಕ್ಕೂ ಹೆಚ್ಚು ಪುಸ್ತಕ ಬರೆದ, ಯಾವುದಕ್ಕೂ ಆ ಯೋಗ ಬರಲಿಲ್ಲ. 1898ರ ‘ಹೇಗರ್’ ಅಂಥವುಗಳಲ್ಲಿ ಒಂದು. ನನ್ನನ್ನು ಕೇಳಿದರೆ ಕ್ಯಾಬಿನ ಕಾದಂಬರಿಗಿಂತ ಇದೇ ಮೇಲು. ಬರವಣಿಗೆ ಕೆಲವೆಡೆ ಅವಸರದ್ದು, ಕಾಕತಾಳೀಯಗಳು ಬೇಕಾದಷ್ಟು. ಆದರೂ ಕಟ್ಟು ಗಟ್ಟಿ. ಹನ್ನೆರಡು ಅಧ್ಯಾಯ, ನಡುವೆ ಹತ್ತು ಗಿರಾಕಿಗಳು, ಒಬ್ಬೊಬ್ಬರು ಒಂದೊಂದು ವಸ್ತು ತಂದು ಅಡವಿಡುತ್ತಾರೆ. ಇಟಲಿಯ ಕವಿ ದಾಂತೆಯ ಕಾವ್ಯದ ಹಳೆಯ ಪ್ರತಿ, ಅಂಬರಿನ ಮಣಿಸರ, ತಾಮ್ರದ ಕೀಲಿಕೈ, ಬೆಳ್ಳಿಯ ಟೀಪಾಟು, ಕೊನೆಗೆ ಒಂದು ಜೊತೆ ಬೂಟು ಕೂಡ. ಹೇಗರ್ ರೋಮಾ ಅಲೆಮಾರಿ ಕುಲದ ಹುಡುಗಿ. ಲಂಡನ್ನಿನ ಲ್ಯಾಂಬೆತ್‌ನಲ್ಲಿರುವ ಜಿಪುಣ ಬಂಧುವಿನ ಅಂಗಡಿಗೆ ಬಂದು ಸೇರುತ್ತಾಳೆ, ಅವನು ಸತ್ತ ಮೇಲೆ ತಾನೇ ನಡೆಸುತ್ತಾಳೆ.

ಇಲ್ಲಿ ಅವಳ ಕಸುಬು ಬರೀ ಅಲಂಕಾರವಲ್ಲ. ಹವ್ಯಾಸಿ ಪತ್ತೇದಾರನಿರುವ ಕತೆಗಳ ದೊಡ್ಡ ತೊಡಕು ಏನು ಗೊತ್ತೇ? ಈ ಮನುಷ್ಯನಿಗೆ ಈ ವ್ಯವಹಾರದಲ್ಲಿ ಏನು ಕೆಲಸ ಎಂದು ಓದುಗ ಕೇಳುತ್ತಾನೆ. ಮೊದಲ ಕತೆಯಲ್ಲಿ ಸುಮ್ಮನಿರುತ್ತಾನೆ, ನಾಲ್ಕನೆಯದರಲ್ಲಿ ಕೇಳಿಯೇ ಕೇಳುತ್ತಾನೆ. ಗಿರವಿ ಅಂಗಡಿಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಗುಟ್ಟು ತಾನಾಗಿ ಕಟ್ಟೆ ಹತ್ತಿ ಬರುತ್ತದೆ. ವಸ್ತು ಕೈಗೆ ಬಂದಾಗ ಬೆಲೆ ಕಟ್ಟಬೇಕು, ಬೆಲೆ ಕಟ್ಟಬೇಕಾದರೆ ನೋಡಬೇಕು, ನೋಡಿದಾಗ ತಂದವನ ಮಾತಿಗೂ ವಸ್ತುವಿಗೂ ತಾಳೆಯಾಗದಿರುವುದು ಕಾಣುತ್ತದೆ. ಮೇಲಿಂದ ಕದ್ದ ಮಾಲು ಇಟ್ಟುಕೊಂಡ ಅಪವಾದ ತನ್ನ ಮೇಲೇ ಬರಬಹುದು ಎಂಬ ಭಯ. ಇಷ್ಟಿದ್ದರೆ ಪತ್ತೇದಾರಿಕೆಗೆ ಬೇರೆ ನೆಪ ಬೇಡ.

ಇನ್ನೊಂದು, ಅಲ್ಲಿನ ಕಾನೂನೇ ಕತೆಗೆ ಗಡಿಯಾರ ಕಟ್ಟಿಕೊಡುತ್ತದೆ. ಇಂಗ್ಲೆಂಡಿನ 1872ರ ಗಿರವಿದಾರರ ಕಾಯ್ದೆಯಂತೆ ಒತ್ತೆ ಬಿಡಿಸಿಕೊಳ್ಳಲು ಹನ್ನೆರಡು ತಿಂಗಳು, ಮೇಲೆ ಏಳು ದಿನ ರಿಯಾಯಿತಿ. ಹತ್ತು ಶಿಲಿಂಗ್ ಅಥವಾ ಅದಕ್ಕಿಂತ ಕಡಿಮೆ ಸಾಲದ ವಸ್ತು ಆಮೇಲೆ ಅಂಗಡಿಯವರ ಸ್ವತ್ತು, ಅದಕ್ಕಿಂತ ಹೆಚ್ಚಿನದಾದರೆ ಹರಾಜು. ಚೀಟಿ ಯಾರ ಕೈಯಲ್ಲಿದೆಯೋ ಅವನೇ ಬಿಡಿಸಿಕೊಳ್ಳಲು ಹಕ್ಕುದಾರನೆಂದು ನಂಬಿಕೆ. ಚೀಟಿ ಕಳುವಾದರೆ, ಕೈ ಬದಲಾದರೆ, ಅವಧಿ ಮುಗಿಯುವ ಹಿಂದಿನ ದಿನ ಅಪರಿಚಿತನೊಬ್ಬ ಬಂದು ನಿಂತರೆ ಏನಾದೀತು, ಊಹಿಸಿ.

ಇದನ್ನು ಹಾಗೇ ಎತ್ತಿ ಶಿರಸಿಯಲ್ಲಿ ಇಟ್ಟಾಗ ಏನಾಗುತ್ತದೆ? ನಿಮಗೇ ಗೊತ್ತು, ನಿಮ್ಮ ಮೇಜಿಗೆ ಟೀಪಾಟು ಬರುವುದಿಲ್ಲ, ಬೂಟು ಬರುವುದಿಲ್ಲ, ಚಿನ್ನ ಮಾತ್ರ ಬರುತ್ತದೆ. ಬ್ಯಾಂಕಿನಲ್ಲಿ ಚೀಟಿ ತಂದವನಿಗೆಲ್ಲ ಒಡವೆ ಕೊಡುವುದಿಲ್ಲ. ಖಾತೆ, ಸಹಿ, ಆಧಾರ್ ಎಲ್ಲ ಬೇಕು. ಹೇಗರ್ ಒಬ್ಬಳೇ ನಿರ್ಧರಿಸುವ ಕಡೆ ನಿಮ್ಮಲ್ಲಿ ಮ್ಯಾನೇಜರು, ಕ್ಯಾಷಿಯರು, ಜಂಟಿ ಬೀಗದ ಕೈ. ಹೆಸರು ಬದಲಿಸಿ, ಮಾರಿಗುಡಿ ರಸ್ತೆ ಸೇರಿಸಿದ ಮಾತ್ರಕ್ಕೆ ಆ ಕತೆ ಇಲ್ಲಿಯದಾಗುವುದಿಲ್ಲ. ಇನ್ನೊಬ್ಬನ ಅಳತೆಗೆ ಹೊಲಿದ ಅಂಗಿಗೆ ನಮ್ಮೂರ ಗುಂಡಿ ಹಚ್ಚಿದಂತೆ ಆಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಹೇಗರಳ ಕುಲ. ಆಕೆಯನ್ನು ಶಿರಸಿಗೆ ತರುವಾಗ ಏನು ಮಾಡಿದ್ದೀರಿ? ಪತ್ರದಲ್ಲಿ ಬರೆದಿಲ್ಲ, ಕಳಿಸಿದ ಮೂರು ಕತೆಗಳಲ್ಲೂ ಸ್ಪಷ್ಟವಾಗಲಿಲ್ಲ. ಸಾಮಾನ್ಯವಾಗಿ ರೂಪಾಂತರಕಾರರು ನಮ್ಮ ಅಲೆಮಾರಿ ಸಮುದಾಯವೊಂದನ್ನು ಆ ಜಾಗದಲ್ಲಿ ಕೂರಿಸಿಬಿಡುತ್ತಾರೆ. ಹ್ಯೂಮ್ ತನ್ನ ಕಾಲದವರಂತೆಯೇ ರೋಮಾ ಜನರ ಬಗ್ಗೆ, ಪೂರ್ವದೇಶದವರ ಬಗ್ಗೆ ಅಗ್ಗದ ಮಾತುಗಳನ್ನು ಆಡುತ್ತಾನೆ. ರಕ್ತದಲ್ಲೇ ಬಂದದ್ದು, ಮುಖ ನೋಡಿದರೆ ಗೊತ್ತಾಗುತ್ತದೆ, ಈ ತರಹ. ಆ ಮಾತುಗಳು ನಮ್ಮ ಒಂದು ಸಮುದಾಯದ ತಲೆಗೆ ವರ್ಗವಾದರೆ ಅದು ಬರೀ ಹಳೆಯ ಕಾಲದ ಮಾತಾಗಿ ಉಳಿಯುವುದಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟುಕಳ್ಳರೆಂದು ಪಟ್ಟಿ ಮಾಡಿತ್ತು. ಅದು ರದ್ದಾದದ್ದು 1952ರಲ್ಲಿ. ಆ ಹಣೆಪಟ್ಟಿ ಹೊತ್ತವರ ಮೊಮ್ಮಕ್ಕಳು ನಿಮ್ಮ ಓದುಗರಾಗಿರುತ್ತಾರೆ. ನೇರ ಅನುವಾದದಲ್ಲಿ ಆ ಮಾತುಗಳನ್ನು ಉಳಿಸಿ, ಮುನ್ನುಡಿಯಲ್ಲಿ ಒಂದು ಪ್ಯಾರಾ ಬರೆದರೆ ಸಾಕು, ಓದುಗರು ಜಾಣರು. ರೂಪಾಂತರದಲ್ಲಿ ಆ ಮಾತು ಹ್ಯೂಮ್‌ದಲ್ಲ, ನಿಮ್ಮದು.

ಹಾಗಾದರೆ ಮುಂದಿನ ದಾರಿ? ಲಂಡನ್ನನ್ನು ಲಂಡನ್ನಾಗಿಯೇ ಬಿಟ್ಟು ಹತ್ತರಲ್ಲಿ ಐದಾರು ಕತೆ ಆರಿಸಿ ನೇರವಾಗಿ ಅನುವಾದಿಸಬಹುದು. ಅಪಾಯ ಕಡಿಮೆ, ಮಾರಾಟವೂ ಕಡಿಮೆ. ಪ್ರಕಾಶಕರು ‘ಹೋಮ್ಸ್ ಇದ್ದಾನಲ್ಲ, ಇದ್ಯಾಕೆ’ ಅನ್ನಬಹುದು. ರೂಪಾಂತರವೇ ಬೇಕೆಂದರೆ ಕಾಲವನ್ನು ಹಿಂದಕ್ಕೆ ಒಯ್ಯಿರಿ. ಹಿಂದೆ ನಮ್ಮ ಸಾಹುಕಾರರ ಮನೆಗಳಲ್ಲಿ ಹಿತ್ತಾಳೆ ಕೊಡ, ತಾಮ್ರದ ಹಂಡೆ, ದೇವರ ಬೆಳ್ಳಿ ಸಾಮಾನುಗಳೂ ಅಡವಿಗೆ ಬರುತ್ತಿದ್ದವು, ವಸ್ತುವೈವಿಧ್ಯ ಆಗ ಸಿಗುತ್ತದೆ. 1890ರ ಕಾರವಾರವಾದರೆ ಇನ್ನೂ ಚೆನ್ನ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕೂ ಹೊಳೆಗಳನ್ನು ದೋಣಿಯಲ್ಲೇ ದಾಟಬೇಕಿತ್ತು. ಕೊನೆಯ ದೋಣಿ ತಪ್ಪಿದವನು ಆ ರಾತ್ರಿ ಯಾವ ದಡದಲ್ಲಿದ್ದ ಎಂಬುದರ ಮೇಲೆಯೇ ಒಂದು ಕತೆ ನಿಲ್ಲಿಸಬಹುದು. ಆದರೆ ಇದಕ್ಕೆ ಓದು ಬೇಕು. ಗೆಜೆಟಿಯರು, ಹಳೆಯ ಕೋರ್ಟು ಕಾಗದ, ಮನೆತನದ ಲೆಕ್ಕದ ಪುಸ್ತಕ. ಅರ್ಧಂಬರ್ಧ ತಿಳಿದು ಬರೆದರೆ ಕಾರವಾರದವರೇ ಮೊದಲು ಹಿಡಿಯುತ್ತಾರೆ.

ಇನ್ನೊಂದು ದಾರಿ ಇದೆ, ನನ್ನ ಒಲವು ಅದರ ಕಡೆಗೆ. ಹ್ಯೂಮ್‌ನಿಂದ ಕಟ್ಟನ್ನು ಮಾತ್ರ ಕಲಿತುಕೊಳ್ಳಿ, ಕತೆ ನಿಮ್ಮದೇ ಇರಲಿ, ಪತ್ತೇದಾರ ಚಿನ್ನದ ಅಪ್ರೈಸರೇ ಆಗಲಿ. ಕಟ್ಟಿನ ಮೇಲೆ, ಕಲ್ಪನೆಯ ಮೇಲೆ ಯಾರಿಗೂ ಕೃತಿಸ್ವಾಮ್ಯ ಇಲ್ಲ. ನೀವು ಕಳಿಸಿದ ಮೂರು ಅನುವಾದದಲ್ಲಿ ನನಗೆ ಹಿಡಿಸಿದ್ದು ಒಂದೇ ಪ್ಯಾರಾ, ಅದು ಮೂಲದಲ್ಲಿ ಇಲ್ಲವೇ ಇಲ್ಲ! ನಿಮ್ಮ ನಾಯಕಿ ಬಳೆಯನ್ನು ಒರೆಗಲ್ಲಿಗೆ ತಿಕ್ಕುವಾಗ ಮೈಮೇಲೆ ಒಂದು ಗೆರೆ, ಬೆಸುಗೆಯ ಹತ್ತಿರ ಇನ್ನೊಂದು ಗೆರೆ ಎಳೆಯುತ್ತಾಳೆ. ಆಸಿಡ್ ಹಾಕಿದಾಗ ಒಂದು ಗೆರೆ ನಿಲ್ಲುತ್ತದೆ, ಇನ್ನೊಂದು ಮಾಸುತ್ತದೆ. ಬಳೆ ಇತ್ತೀಚೆಗೆ ಮುರಿದು, ಅವಸರದಲ್ಲಿ ಕಡಿಮೆ ಬಂಗಾರದ ಬೆಸುಗೆ ಹಾಕಿಸಿಕೊಂಡಿದೆ ಎಂದು ಅವಳಿಗೆ ಗೊತ್ತಾಗುತ್ತದೆ. ಕೈಯಿಂದ ಬಳೆ ಎಳೆದು ತೆಗೆದವರು ಯಾರು ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಇದನ್ನು ಹ್ಯೂಮ್ ಬರೆಯಲಾರ. ಒಡವೆಯ ಹೊಟ್ಟೆಯಲ್ಲಿ ಅರಗು ತುಂಬಿ ತೂಕ ಏರಿಸುವುದು ನಿಮಗೆ ಗೊತ್ತು. ಟಂಗ್‌ಸ್ಟನ್ನಿನ ಸಾಂದ್ರತೆ ಹೆಚ್ಚುಕಡಿಮೆ ಬಂಗಾರದಷ್ಟೇ ಇರುವುದರಿಂದ ನೀರಿನಲ್ಲಿ ತೂಗುವ ಪರೀಕ್ಷೆಯೂ ಮೋಸ ಹೋಗುತ್ತದೆ ಎಂಬುದೂ ಗೊತ್ತು. ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಂತಾಗ ಮೀನುಗಾರರ ಮನೆಯ ಬಂಗಾರ ಹೊರಗೆ ಬರುತ್ತದೆ, ಘಟ್ಟದ ಮೇಲೆ ಅಡಿಕೆ ಕೈಗೆ ಬರುವವರೆಗೆ ತೋಟದವರದು, ಮಾರಿಕಾಂಬಾ ಜಾತ್ರೆಯ ಮುಂಚೆ ಬಿಡಿಸಿಕೊಳ್ಳುವವರ ಸಾಲು. ಈ ಲಯ ಹೊರಗಿನವರಿಗೆ ಕಾಣುವುದಿಲ್ಲ. ಜಾತ್ರೆಗೂ ಒಡವೆ ಬಿಡಿಸಲು ಬಾರದವಳು ಯಾಕೆ ಬರಲಿಲ್ಲ ಎಂದು ಅನುಮಾನಿಸಲು ಅಪ್ರೈಸರೇ ಬೇಕು.

ಒಂದು ಎಚ್ಚರಿಕೆ: ಕತೆಯ ಕಾಲವನ್ನು ಸರಿಯಾಗಿ ಆರಿಸಿ. 2021ರ ಜುಲೈಯಿಂದ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಬಂತು. ಅದನ್ನು ಮೊಬೈಲಿನಲ್ಲಿ ಹಾಕಿದರೆ ಮಾರಿದ ಆಭರಣ ವ್ಯಾಪಾರಿ ಯಾರೆಂದು ಸಿಗುತ್ತದೆ, ಅರ್ಧ ರಹಸ್ಯ ಅಲ್ಲೇ ಮುಗಿಯಿತು. 2000ದ ಆಸುಪಾಸು ಇಟ್ಟುಕೊಂಡರೆ ನಿಮಗೆ ಕೈಕಾಲು ಆಡಿಸಲು ಜಾಗ ಇರುತ್ತದೆ. ಅಥವಾ ಆ ಸಂಖ್ಯೆಯನ್ನೇ ಸುಳಿವನ್ನಾಗಿ ಬಳಸಿ, ಒಡವೆಯ ತೂಕ ಒಂದು, ಆ ಸಂಖ್ಯೆಯ ಬಿಲ್ಲಿನಲ್ಲಿರುವ ತೂಕ ಇನ್ನೊಂದು.

ಓದುಗರು ಒಪ್ಪುತ್ತಾರಾ ಎಂದಿರಿ. ನಮ್ಮ ಪತ್ತೇದಾರಿ ಪರಂಪರೆಯಲ್ಲಿ ಕಸುಬಿನ ಪತ್ತೇದಾರರೇ ಹೆಚ್ಚು, ನಿಜ. ಎನ್. ನರಸಿಂಹಯ್ಯನವರು ನೂರಾರು ಕಾದಂಬರಿ ಬರೆದು ಒಂದು ಪೀಳಿಗೆಗೆ ಓದುವ ಚಟ ಹಿಡಿಸಿದ್ದು ಅಂಥ ಪತ್ತೇದಾರರ ಮೂಲಕವೇ. ಅದರಿಂದ ಬೇರೆ ಬಗೆ ಬೇಡವೆಂದು ಅರ್ಥವಾಗುವುದಿಲ್ಲ, ನಿಮ್ಮಜ್ಜನ ಪೆಟ್ಟಿಗೆಯ ದರ್ಜಿಯೇ ಸಾಕ್ಷಿ. ಓದುಗರಿಗೆ ಬೇಡದ್ದು ಕಸುಬು ನಟಿಸುವ ಪಾತ್ರ. ಮೊದಲ ಪುಟದಲ್ಲಿ ದರ್ಜಿ, ಎರಡನೆಯ ಪುಟದಿಂದ ಪಿಸ್ತೂಲು ಹಿಡಿದು ಕಾರಿನ ಬೆನ್ನು ಹತ್ತುವವನು. ಆ ಕಾದಂಬರಿಯನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ, ಕತ್ತರಿ, ಟೇಪು, ಕಾಜಾ ಎಷ್ಟು ಕಡೆ ಸುಳಿವು ಕೊಡುತ್ತವೆ ನೋಡಿ.

ನಿಮ್ಮ ಪಾತ್ರ ಪೊಲೀಸನಲ್ಲ ಎಂಬುದು ಕೊರತೆ ಎಂದುಕೊಂಡಿದ್ದೀರಿ. ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಅದು ಅನುಕೂಲವೇ. ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಒಪ್ಪಿಕೊಂಡದ್ದನ್ನು ಅವನ ವಿರುದ್ಧ ಸಾಬೀತು ಮಾಡುವಂತಿಲ್ಲ. ಭಾರತದ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲೂ ಉಳಿದಿದೆ. ಆದರೆ ತಾನಾಗಿ ಬಂದು ಒಬ್ಬ ಖಾಸಗಿ ವ್ಯಕ್ತಿಯ ಮುಂದೆ ಹೇಳಿಕೊಂಡದ್ದನ್ನು ನ್ಯಾಯಾಲಯ ಪರಿಗಣಿಸಬಹುದು. ದುರ್ಬಲ ಸಾಕ್ಷ್ಯವೆಂದು ಎಚ್ಚರಿಕೆಯಿಂದ ತೂಗುತ್ತದೆ, ಅಷ್ಟೆ. ಇನ್‌ಸ್ಪೆಕ್ಟರಿಗೆ ಹೇಳಿದರೆ ವ್ಯರ್ಥವಾಗುವ ಮಾತು ಅಪ್ರೈಸರಿಗೆ ಹೇಳಿದರೆ ಉಳಿಯಬಹುದು. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೂರಿಸಿ ಭಾಷಣ ಮಾಡಿಸುವ ಬದಲು ಇದನ್ನು ಬಳಸಿಕೊಳ್ಳಿ.

ಈ ದಾರಿಗೂ ಅಪಾಯ ಇದೆ, ಸಣ್ಣದಲ್ಲ. ನಿಮ್ಮ ಮೇಜಿಗೆ ಬಂದ ನಿಜವಾದ ಒಡವೆ, ನಿಜವಾದ ಕುಟುಂಬ ಕತೆಯೊಳಗೆ ಬರಕೂಡದು. ಯಾರ ಬಂಗಾರ ಅಡವಿನಲ್ಲಿದೆ ಎಂಬುದು ಬ್ಯಾಂಕಿನ ಗುಟ್ಟು, ನಿಮ್ಮ ಕರಾರಿನಲ್ಲೂ ಆ ಷರತ್ತು ಇದ್ದೇ ಇರುತ್ತದೆ, ತೆಗೆದು ಓದಿ. ಹೆಸರು ಬದಲಿಸಿದರೆ ಸಾಕು ಎನ್ನಬೇಡಿ. ಶಿರಸಿಯಂಥ ಊರಿನಲ್ಲಿ ‘ಎರಡು ಎಳೆ ಅವಲಕ್ಕಿ ಸರ, ಕೊಂಡಿ ಮಾತ್ರ ಹೊಸದು’ ಎಂದು ಬರೆದರೆ ಅದು ಯಾರ ಮನೆಯದೆಂದು ಸಂಜೆಯೊಳಗೆ ಗೊತ್ತಾಗುತ್ತದೆ. ಗುರುತು ಸಿಕ್ಕಿ ಮಾನಕ್ಕೆ ಕುಂದು ಬಂತು ಎಂದು ಅವರು ದೂರು ಕೊಟ್ಟರೆ ಮಾನಹಾನಿಯ ಕಲಮು ಕತೆ-ಕಾದಂಬರಿಗೂ ಅನ್ವಯವಾಗುತ್ತದೆ. ‘ಇದು ಕಾಲ್ಪನಿಕ’ ಎಂಬ ಮೊದಲ ಪುಟದ ಸಾಲು ಪೂರ್ತಿ ರಕ್ಷಣೆಯಲ್ಲ. ಒಡವೆ, ಕುಟುಂಬ, ಜಗಳ ಈ ಮೂರನ್ನೂ ಬೇರೆಬೇರೆ ಕಡೆಯಿಂದ ಹುಟ್ಟಿಸಿ. ಪರೀಕ್ಷಿಸುವ ಕ್ರಮ ಮಾತ್ರ ನಿಮ್ಮದೇ ಇರಲಿ. ಹಸ್ತಪ್ರತಿ ಮುಗಿದ ಮೇಲೆ ಊರಿನವರೇ ಆದ, ಬಾಯಿ ಗಟ್ಟಿ ಇರುವ ಒಬ್ಬರಿಗೆ ಓದಲು ಕೊಟ್ಟು ‘ಇದು ಯಾರು ಅಂತ ಅನಿಸುತ್ತದೆ?’ ಎಂದಷ್ಟೇ ಕೇಳಿ.

ಕೊನೆಗೆ ಹಣದ ಮಾತು. ಲಕ್ಷಗಟ್ಟಲೆ ಮಾರಾಟವಾದ ಆ ಕ್ಯಾಬಿನ ಕಾದಂಬರಿಯ ಹಕ್ಕನ್ನು ಹ್ಯೂಮ್ ಮಾರಿದ್ದು 50 ಪೌಂಡಿಗೆ. ಆಮೇಲಿನ ಲಾಭದಲ್ಲಿ ಆತನಿಗೆ ಚಿಕ್ಕಾಸೂ ಬರಲಿಲ್ಲ. ಹೊಸ ಲೇಖಕರಿಗೆ ನಮ್ಮಲ್ಲಿ ಇಂದೂ ಇಡಿಗಂಟು ಕೊಟ್ಟು ‘ಎಲ್ಲ ಹಕ್ಕು ಪ್ರಕಾಶಕರದು’ ಎಂಬ ಕಾಗದಕ್ಕೆ ಸಹಿ ಹಾಕಿಸುವುದುಂಟು. ಹಕ್ಕು ಬರೆದುಕೊಡುವುದಾದರೆ ಯಾವ ಹಕ್ಕು, ಎಷ್ಟು ವರ್ಷ, ಎಲ್ಲಿಗೆ, ಎಷ್ಟು ಗೌರವಧನ ಎಂದು ಕರಾರಿನಲ್ಲಿ ಬರೆಸಿ. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ ವ್ಯಾಪ್ತಿ ಬರೆಯದಿದ್ದರೆ ಭಾರತದೊಳಗೆ ಮಾತ್ರವೆಂದೂ ಕಾಯ್ದೆಯ 19ನೇ ಕಲಮು ಹೇಳುತ್ತದೆ, ಆದರೆ ಆ ವಾದ ಹಿಡಿದು ಓಡಾಡುವ ಪರಿಸ್ಥಿತಿ ನಿಮಗೆ ಬರುವುದು ಬೇಡ. ಆಡಿಯೋ, ವೆಬ್ ಸರಣಿ, ಸಿನಿಮಾ ಹಕ್ಕುಗಳನ್ನು ಮುದ್ರಣದ ಕರಾರಿನಲ್ಲಿ ಸೇರಿಸಬೇಡಿ. ನೀವೇ ಅಚ್ಚು ಹಾಕಿಸುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ, ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ. ಪ್ರಕಟವಾದ ಮೂವತ್ತು ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಕಾನೂನು ಹೇಳುವ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಿ. ಎಷ್ಟೋ ಸಣ್ಣ ಪ್ರಕಾಶಕರು ಇದನ್ನು ಮಾಡುವುದೇ ಇಲ್ಲ. ನಿಮ್ಮಜ್ಜನ ದರ್ಜಿಯ ಕಾದಂಬರಿಯನ್ನು ಮುದ್ರಿಸಿದವರು ಕಳಿಸಿದ್ದರೋ ಇಲ್ಲವೋ, ಕೋಲ್ಕತ್ತಾಕ್ಕೆ ಒಂದು ಪತ್ರ ಬರೆದು ವಿಚಾರಿಸಿ. ಪ್ರತಿ ಅಲ್ಲಿದ್ದರೆ ದಾಖಲೆಯಲ್ಲಿ ಲೇಖಕರ ನಿಜವಾದ ಹೆಸರೂ ಇರಬಹುದು.